ಬಾಗಿಲ ಬಳಿಯ ಮೈಕು

ಸೋಮವಾರ ನಾಲ್ಕು ಹಳ್ಳಿಗಳ ವಿಡಿಯೋ ಪಾಠದ ಮೆಷಿನ್ನನ್ನು ಪರೀಕ್ಷಿಸಿದಾಗ ಅಕ್‌ಬುಲಾಕ್‌ನಿಂದ ನಮಗೆ ಕೇಳಿಸಿದ್ದು ಚಹಾ ಬಗ್ಗಿಸುವ ಸದ್ದು ಒಂದೇ. ತಾಶ್‌ಬಶಾತ್‌ನಿಂದ ಯಾರೋ ರೊಟ್ಟಿ ಮುರಿದು ಅಗಿಯುವುದು ಕೇಳಿಸಿತು. ಉಚ್‌ಕೈಂದಿಯಲ್ಲಿ ಇಬ್ಬರು ಸೊಸೆಯರು ಪಿಸುಗುಟ್ಟಿದ್ದಂತೂ ನಮ್ಮ ಕಿವಿಯಲ್ಲೇ ಹೇಳಿದ ಹಾಗಿತ್ತು.

“ಇವತ್ತೂ ಅದೇ ಹಸಿರು ರುಮಾಲು ಕಟ್ಕೊಂಡು ಕೂತಿದಾರೆ ನೋಡು.”

“ಡಾಕ್ಟರಿಗೆ ಇನ್ನೊಂದು ಕೊಳ್ಳೋ ಅಷ್ಟು ಸಂಬಳ ಬರಲ್ವಾ?”

ಹಸಿರು ರುಮಾಲು ಕಟ್ಟಿದ್ದ ಬಾತ್ಮಾ ಎಜೆ ತೆರೆಯ ಮುಂದೆ ಕೂತು, ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ಅವರು ನಮ್ಮ ಜಿಲ್ಲಾ ಆಸ್ಪತ್ರೆಯ ಹೆರಿಗೆ ಡಾಕ್ಟರು. ನನ್ನ ತಾಯಿಯ ವಯಸ್ಸು. ಆದರೂ ಆಸ್ಪತ್ರೆಯಲ್ಲಿ ಎಲ್ಲರೂ ಅಕ್ಕನನ್ನು ಕರೆಯುವ ಹಾಗೆ ಎಜೆ ಎಂದೇ ಕರೆಯುವುದು. ನಾನು ಅಲ್ಲಿ ನೆಲ ಒರೆಸುವವಳು. ಪಾಠದ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುತ್ತಿದ್ದುದರಿಂದ ಮೆಷಿನ್ನಿನ ಗುಂಡಿ ಒತ್ತುವ ಕೆಲಸವೂ ನನ್ನದೇ ಆಯಿತು.

“ಕಲೀಪಾ ಅಪಾ, ನೀವು ಹೇಳಿ,” ಎಂದರು ಎಜೆ, ನಾಲ್ಕನೆಯ ಊರಾದ ಕೋಕ್‌ಜಾರ್‌ನ ಚೌಕವನ್ನು ನೋಡಿ.

ಆ ಚೌಕದ ತೀರಾ ಹಿಂದೆ, ಒಳಗೋಡೆಗೆ ಒರಗಿ, ಬಿಳಿ ರುಮಾಲಿನ ಒಂದು ಚುಕ್ಕೆ ಅಲುಗಾಡಿತು. ಅದು ಕಲೀಪಾ ಅಪಾ. ಆ ಊರಿನ ಹಳೆಯ ಸೂಲಗಿತ್ತಿ, ಹಿರಿಯರೆಂದು ಎಲ್ಲರೂ ಅಪಾ ಎನ್ನುವ, ಎಪ್ಪತ್ತು ದಾಟಿದ ಅಜ್ಜಿ. ಅವರ ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು. ನಮಗೆ ಕೇಳಿಸಿದ್ದು ಕೆಟಲ್ಲಿನ ಮುಚ್ಚಳ ಟಕ್ ಎಂದದ್ದು. ಮೂರು ನಿಮಿಷ ಹೀಗೆ ನಡೆಯಿತು. ಮುಗಿದಾಗ ನಾಲ್ಕು ಊರಿನವರೂ ತಲೆಯಾಡಿಸಿ, ಎದೆಯ ಮೇಲೆ ಕೈಯಿಟ್ಟು “ರಹಮತ್ ಅಪಾ, ರಹಮತ್,” ಎಂದು ಧನ್ಯವಾದ ಹೇಳಿದರು. ಬಾತ್ಮಾ ಎಜೆಯೂ ಹೇಳಿದರು. ನಾನೂ ತಲೆಯಾಡಿಸಿದೆ.

ಮೆಷಿನ್ನು ಆರಿಸಿದ ಕೂಡಲೇ ಎಜೆ ಪೆನ್ನನ್ನು ಗೋಡೆಗೆ ಎಸೆದರು.

“ಒಂದು ಮಾತು! ಒಂದೇ ಒಂದು ಮಾತು ಕೇಳಿಸ್ತಾ ನಿನಗೆ?”

“ಇಲ್ಲ ಎಜೆ.”

“ಗುರುವಾರ ಆ ಹೆಂಗಸು ಬಂದು ಕೂತ್ಕೊಳ್ತಾಳೆ. ಅವಳಿಗೇನು ಕೇಳಿಸೋದು? ಅಕ್‌ಬುಲಾಕ್‌ನವರು ಎಷ್ಟು ಸಲ ಚಹಾ ಕುಡಿದ್ರು ಅಂತ ಲೆಕ್ಕ ಬರ್ಕೊಂಡು ಹೋಗ್ತಾಳಾ?”

ಆ ಹೆಂಗಸೆಂದರೆ ನರೀನ್‌ನಿಂದ ತೆರೆಯಲ್ಲೇ ಪಾಠವನ್ನು ನೋಡಲಿದ್ದ ಮೇಲಧಿಕಾರಿ ದಾಮಿರಾ ಸಪಾರೋವ್ನಾ. ಗುರುವಾರದ ಪಾಠ ಚೆನ್ನಾಗಿದೆ ಎಂದು ಅವರು ಬರೆದರೆ ಮೆಷಿನ್ನುಗಳು ಚಳಿಗಾಲ ಪೂರ್ತಿ ನಾಲ್ಕು ಊರುಗಳಲ್ಲೇ ಉಳಿಯುತ್ತವೆ. ಇಲ್ಲವೆಂದರೆ ಬಿಚ್ಚಿ ಬೇರೆ ಜಿಲ್ಲೆಗೆ ಕಳಿಸುತ್ತಾರೆ. ಕಳೆದ ಜನವರಿಯಲ್ಲಿ ಕೋಕ್‌ಜಾರ್‌ನ ಕಣಿವೆ ದಾರಿ ಮುಚ್ಚಿದ್ದಾಗ ಒಬ್ಬಳು ಹೆತ್ತ ಮೇಲೆ ರಕ್ತ ನಿಲ್ಲದೆ ಹೋಗಿಬಿಟ್ಟಳು. ಕಲೀಪಾ ಅಪಾ ಅಂದು ಮಗನ ಮನೆಗೆಂದು ಬೇರೆ ಊರಿನಲ್ಲಿದ್ದರು. ಅಲ್ಲಿದ್ದ ಒಬ್ಬಳೇ ನರ್ಸು ಚೋಲ್ಪೋನ್ ಫೋನಿನಲ್ಲಿ “ಏನ್ ಮಾಡ್ಲಿ ಎಜೆ, ಹೇಳಿ ಎಜೆ,” ಎಂದು ಅಳುತ್ತಿದ್ದಳು. ಎಜೆ ಹೇಳುತ್ತಲೇ ಇದ್ದರು, ಆಮೇಲೆ ಲೈನು ಹೋಯಿತು. ಅವರು ಫೋನು ಹಿಡಿದುಕೊಂಡೇ ನಿಂತಿದ್ದುದನ್ನು ನಾನು ಬಕೀಟು ಕೆಳಗಿಟ್ಟು ನೋಡಿದ್ದೇನೆ. ಅದಾದ ಮೇಲೆ ಎಂಟು ತಿಂಗಳು ಅರ್ಜಿ ಬರೆದು ಬರೆದು ಈ ಮೆಷಿನ್ನುಗಳನ್ನು ತರಿಸಿದ್ದರು.

ಮಂಗಳವಾರ ಮೆಷಿನ್ನು ರಿಪೇರಿಯ ಎರ್ಮೆಕ್ ಬಾಯ್ಕೆ ಬಂದ. ಬಾಯ್ಕೆ ಎಂದರೆ ಅಣ್ಣ. ಮೈಕನ್ನು ತಟ್ಟಿ ನೋಡಿದ, ಊದಿ ನೋಡಿದ.

“ಮೆಷಿನ್ನು ಬಂಗಾರ, ಎಜೆ. ಇದರಲ್ಲಿ ಇರುವೆ ನಡೆದ್ರೂ ಕೇಳ್ಸತ್ತೆ.”

“ಇರುವೆ ಕೇಳ್ಸತ್ತಪ್ಪ. ಕಲೀಪಾ ಅಪಾ ಕೇಳ್ಸಲ್ಲ.”

“ಜೋರಾಗಿ ಮಾತಾಡೋಕೆ ಹೇಳಿ.”

“ಎಪ್ಪತ್ತು ದಾಟಿದೋರಿಗೆ ಕಿರುಚ್ಕೊಳ್ಳಿ ಅಂತ ನೀನೇ ಫೋನ್ ಮಾಡಿ ಹೇಳು. ತಗೋ, ನಂಬರ್ ಕೊಡ್ತೀನಿ.”

ಬಾಯ್ಕೆ ನಂಬರ್ ತೆಗೆದುಕೊಳ್ಳಲಿಲ್ಲ. ಊರುಗಳಲ್ಲಿ ಮೆಷಿನ್ನನ್ನು ಬೇರೆ ಎಲ್ಲಾದರೂ ಇಟ್ಟು ನೋಡು ಎಂದು ಎಜೆ ಬೇಸತ್ತು ಹೇಳಿದ್ದಕ್ಕೆ, ವೈರು ಗೋಡೆಯೊಳಗೆ ಹೋಗಿದೆ, ಪ್ಲಗ್ಗು ಇರುವುದು ಬಾಗಿಲ ಬಳಿ ಮಾತ್ರ, ಹದಿನೈದು ದಿನ ಬೇಕು ಎಂದ. ಕೆನೆ ಸವರಿದ ರೊಟ್ಟಿ ತಿಂದು ಹೋದ.

ಹೆತ್ತವಳ ರಕ್ತ ನಿಲ್ಲಿಸುವ ಈ ಪಾಠ ಕಲಿಯಬೇಕಾದವರು ಊರಿನ ನರ್ಸುಗಳು, ಹುಡುಗಿಯರು. ಆದರೆ ಊರಿನಲ್ಲಿ ಏನಾದರೂ ಶುರುವಾಗುತ್ತದೆ ಎಂದರೆ ಹಿರಿಯರನ್ನು ಬಿಟ್ಟು ಮಾಡುವುದಿಲ್ಲ. ಎಜೆಗೂ ಹಳೆಯ ಸೂಲಗಿತ್ತಿಯರು ಬೇಕೇ ಬೇಕಿತ್ತು. ಔಷಧಿ ತಲುಪದ ದಿನ ಬರಿಗೈಯಲ್ಲಿ ರಕ್ತ ನಿಲ್ಲಿಸುವುದು ಅವರಿಗೆ ಗೊತ್ತು. ಅವರು ಬಂದರು, ಜೊತೆಗೆ ಕುಶಲ ವಿಚಾರಿಸುವುದೂ ಬಂತು. ಮೊದಲ ಪಾಠದಲ್ಲಿ ಒಂದೊಂದು ಊರೂ ಉಳಿದ ಮೂರು ಊರುಗಳ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಆರೋಗ್ಯ, ಮಕ್ಕಳು, ಕುರಿ, ಹುಲ್ಲು ಎಲ್ಲ ಕೇಳಿ ಮುಗಿಸುವಾಗ ನಲವತ್ತು ನಿಮಿಷ ಹೋಗಿತ್ತು. ಎರಡನೆಯ ಪಾಠಕ್ಕೆ ಎಜೆ “ಸಲಾಂ ಎಲ್ಲರ ಪರವಾಗಿ ಒಂದೇ ಸಲ” ಎಂದು ನಿಯಮ ಮಾಡಿದರು. ತಾಶ್‌ಬಶಾತ್‌ನ ಅಜ್ಜಿ ಸಿಟ್ಟುಮಾಡಿಕೊಂಡು ಅರ್ಧದಲ್ಲೇ ಎದ್ದು ಹೋದರು. ಅವರನ್ನು ಒಲಿಸಿ ಕರೆತರಲು ಎಜೆ ಎರಡು ದಿನ ಫೋನು ಮಾಡಿದರು.

ಮಂಗಳವಾರ ಮಧ್ಯಾಹ್ನ ನೆಲ ಒರೆಸುವಾಗ ನಾನು ತೆರೆಯಲ್ಲಿ ಕಂಡ ಆ ನಾಲ್ಕು ಕೋಣೆಗಳನ್ನೇ ಯೋಚಿಸುತ್ತಿದ್ದೆ. ಸೆಪ್ಟೆಂಬರಿನಲ್ಲಿ ಮೆಷಿನ್ನುಗಳ ಪೆಟ್ಟಿಗೆ ಹೊರಲು ವ್ಯಾನಿನಲ್ಲಿ ನಾನೂ ಹೋಗಿದ್ದೆ. ನಾಲ್ಕೂ ಕೋಣೆಗಳಲ್ಲಿ ಪ್ಲಗ್ಗು ಬಾಗಿಲ ಪಕ್ಕ. ತೆರೆ, ಕ್ಯಾಮೆರಾ, ಮೈಕು ಎಲ್ಲ ಬಾಗಿಲ ಪಕ್ಕ. ಹಿರಿಯರು ಕೂರುವುದು ತೋರ್‌ನಲ್ಲಿ, ಅಂದರೆ ಬಾಗಿಲಿಗೆ ಎದುರು, ಒಳಗೋಡೆಗೆ ಒರಗುವ ಮರ್ಯಾದೆಯ ಜಾಗದಲ್ಲಿ. ಅವರ ನಂತರ ವಯಸ್ಸಿಗೆ ತಕ್ಕಂತೆ ಈಚೆ ಈಚೆ ಬರುತ್ತಾ, ಕೊನೆಗೆ ಚಪ್ಪಲಿಗಳ ಹತ್ತಿರ ಚಹಾ ಬಗ್ಗಿಸುವ ಸೊಸೆ. ಮೈಕು ಅವಳ ಮೊಣಕಾಲಿಗೆ ತಾಗುತ್ತಿರುತ್ತದೆ.

ನನಗೆ ಇದು ಗೊತ್ತಾದ ಮೇಲೆ ಹೇಳಲು ಒಂದು ಗಂಟೆ ಬೇಕಾಯಿತು. ಡಾಕ್ಟರಿಗೆ, ರಿಪೇರಿಯವನಿಗೆ ಹೊಳೆಯದ್ದನ್ನು ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು ಹೇಳುವುದು ಹೇಗೆ? ಅದೇ ಕಿಟಕಿಯನ್ನು ಮೂರು ಸಲ ಒರೆಸಿದೆ.

“ಗಾಜು ಸವೆದುಹೋಗತ್ತೆ, ಜಿಪಾರ್. ಏನು, ಹೇಳು.”

ಹೇಳಿದೆ. ಎಜೆ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಆಮೇಲೆ ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡರು.

“ಎಂಟು ತಿಂಗಳು ಮೆಷಿನ್ನಿಗೆ ಒದ್ದಾಡಿದೆ. ನಾನೇ ಅಲ್ಲಿ ಹೋಗಿ ತೋರ್‌ನಲ್ಲಿ ಕೂತು ಚಹಾ ಕುಡಿದು ಬಂದೆ. ನನ್ನ ತಲೆಗೆ ಹೋಗ್ಲಿಲ್ಲ.” ಫೋನು ಎತ್ತಿಕೊಂಡರು. “ಸರಿ. ಚೋಲ್ಪೋನ್‌ಗೆ ಹೇಳ್ತೀನಿ, ಅಪಾನ ಈಚೆ ಕೂರಿಸು ಅಂತ.”

ಫೋನಿನಲ್ಲಿ ಚೋಲ್ಪೋನ್‌ಳ ದನಿ ನನಗೂ ಕೇಳಿಸುತ್ತಿತ್ತು.

“ಚಪ್ಪಲಿ ಹತ್ರಾನಾ ಎಜೆ? ನಾನಾ ಹೇಳೋದು? ಅವರು ನನ್ನ ಅತ್ತೆಯ ಅಕ್ಕ! ಮೊದಲೇ ಅತ್ತೆ ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತ ಒಂದು ವಾರದಿಂದ ಮಾತು ಬಿಟ್ಟಿದಾರೆ.”

“ಹಾಗಾದ್ರೆ ನಿಮ್ಮ ಅತ್ತೆ ಹತ್ರ ಹೇಳಿಸು.”

“ನೀವೇ ಹೇಳಿ ಎಜೆ.”

“ನನ್ನ ಹೊಕ್ಕುಳ ಬಳ್ಳಿ ಕತ್ತರಿಸಿದ ಹೆಂಗಸು ಕಣೇ ಅದು! ನಾನು ಹೇಗೆ ಹೇಳ್ಲಿ?”

ಎಜೆ ಫೋನಿಟ್ಟರು.

“ಎಜೆ,” ಎಂದೆ, “ಅಕ್‌ಬುಲಾಕ್‌ನ ಕೋಣೆಗೆ ಹಿಂದೆ ಇನ್ನೊಂದು ಬಾಗಿಲಿದೆ. ಕಲ್ಲಿದ್ದಲು ಕೊಟ್ಟಿಗೆ ಕಡೆಗೆ.”

“ಇದ್ರೆ?”

“ಮುಂದಿನ ಬಾಗಿಲಿಗೆ ಬೀಗ ಹಾಕಿದ್ರೆ ಎಲ್ಲರೂ ಹಿಂದಿನಿಂದ ಬರ್ಬೇಕು. ಆಗ ತೋರ್ ಈ ಕಡೆ ಬರತ್ತೆ. ತೆರೆ ಪಕ್ಕ.”

ಎಜೆ ನನ್ನ ಮುಖವನ್ನೇ ನೋಡಿದರು. ನಾನು ಒದ್ದೆ ಬಟ್ಟೆ ಹಿಂಡತೊಡಗಿದೆ.

“ಉಳಿದ ಊರಲ್ಲಿ?”

“ತಾಶ್‌ಬಶಾತ್, ಉಚ್‌ಕೈಂದಿ ಎರಡರಲ್ಲೂ ಇದೆ. ಕೋಕ್‌ಜಾರ್‌ನಲ್ಲಿ ಇಲ್ಲ. ಅಲ್ಲಿ ಒಂದೇ ಬಾಗಿಲು.”

“ಸರಿಯಾಗಿ ಕೋಕ್‌ಜಾರ್‌ನಲ್ಲೇ ಇಲ್ಲ,” ಎಂದು ಎಜೆ ಚಾವಣಿ ನೋಡಿದರು. “ಆಗ್ಲಿ. ಮೂರಾದ್ರೂ ಆಗ್ಲಿ.”

ಮೂರು ಊರಿಗೂ ಫೋನು ಮಾಡುವ ಕೆಲಸ ನನಗೆ ಬಂತು. ಫೋನಿನಲ್ಲಿ ಮಾತಾಡಬೇಕೆಂದರೆ ನಾನು ಹೇಳುವುದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಬಾಗಿಲು ಕೆಟ್ಟಿದೆ ಎಂದು ಹೇಳಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಅಕ್‌ಬುಲಾಕ್‌ನ ನರ್ಸು ಕೇಳಿದಳು:

“ಬಾಗಿಲು ಚೆನ್ನಾಗೇ ಇದೆಯಲ್ಲ. ಈಗ ತಾನೇ ಅದರಿಂದಲೇ ಬಂದೆ.”

“ನಾಳೆಯಿಂದ ಕೆಟ್ಟಿರತ್ತೆ,” ಎಂದೆ.

ಅವಳು ನಕ್ಕುಬಿಟ್ಟಳು. ಆಮೇಲೆ ವಿಷಯ ಹೇಳಿಬಿಡಬೇಕಾಯಿತು. ಉಚ್‌ಕೈಂದಿಯವಳು ಕೊಟ್ಟಿಗೆಯಲ್ಲಿ ಕರು ಕಟ್ಟಿದೆ, ಎಲ್ಲಿ ಕಟ್ಟಲಿ ಎಂದು ಜಗಳಕ್ಕೇ ಬಂದಳು. ಕರುವನ್ನು ಎಲ್ಲಿ ಕಟ್ಟಬೇಕೆಂದು ನನಗೇನು ಗೊತ್ತು.

ಬುಧವಾರದ ಪರೀಕ್ಷೆಯಲ್ಲಿ ತೆರೆ ಹೊತ್ತಿಕೊಂಡಾಗ ಅಕ್‌ಬುಲಾಕ್‌ನ ಚೌಕದ ತುಂಬ ಒಂದು ಮೂಗು ಕಂಡಿತು. ಅಲ್ಲಿನ ಅಜ್ಜಿ ಕಲ್ಲಿದ್ದಲು ತುಳಿದುಕೊಂಡು ಬಂದು, ಗೊಣಗುತ್ತಲೇ ಬಾಗಿಲಿಗೆ ಎದುರಾದ ಗೋಡೆಗೆ ನೆಟ್ಟಗೆ ನಡೆದು, ಮೈಕಿನ ಮೇಲೆಯೇ ಕೂತುಬಿಟ್ಟಿದ್ದರು. ಯಾರೂ ಒಂದು ಮಾತು ಹೇಳಬೇಕಾಗಿ ಬರಲಿಲ್ಲ.

“ಇವರ ಬುದ್ಧಿಗೆ ಏನಾಯ್ತು! ಹೆಂಗಸರನ್ನ ಕಲ್ಲಿದ್ದಲು ಚೀಲದ ಹಾಗೆ ಹಿಂದಿನ ಬಾಗಿಲಿಂದ ತುಂಬ್ತಾರೆ!” ಅಜ್ಜಿಯ ದನಿ ನಮ್ಮ ಕೋಣೆಯ ಗಾಜನ್ನು ಅಲುಗಿಸಿತು.

ಬಾತ್ಮಾ ಎಜೆ ಮೇಜಿನ ಕೆಳಗಿನಿಂದ ನನ್ನ ಕೈ ಹಿಡಿದು ಹಿಸುಕಿದರು. ತಾಶ್‌ಬಶಾತ್ ಕೇಳಿಸಿತು. ಕರುವಿನ ಕೂಗಿನ ಜೊತೆಗೆ ಉಚ್‌ಕೈಂದಿಯೂ ಕೇಳಿಸಿತು. ಕೋಕ್‌ಜಾರ್‌ನಲ್ಲಿ ಬಿಳಿ ಚುಕ್ಕೆ ಅಲುಗಾಡಿತು, ಕೆಟಲ್ಲು ಟಕ್ ಎಂದಿತು, ಎಲ್ಲರೂ ತಲೆಯಾಡಿಸಿ ರಹಮತ್ ಹೇಳಿದರು.

ಗುರುವಾರ ಹತ್ತು ಗಂಟೆಗೆ ಐದನೆಯ ಚೌಕದಲ್ಲಿ ದಾಮಿರಾ ಸಪಾರೋವ್ನಾ ಬಂದರು. ಗಿಡ್ಡ ಕೂದಲು, ದಪ್ಪ ಕನ್ನಡಕ, ಮುಂದೆ ತೆರೆದಿಟ್ಟ ನೋಟ್‌ಬುಕ್ಕು. ಸಲಾಂಗಳು ಹನ್ನೊಂದು ನಿಮಿಷದಲ್ಲಿ ಮುಗಿದವು. ಎಜೆ ಮೊದಲೇ ಮೂರು ಅಜ್ಜಿಯರಿಗೂ ಬೇರೆ ಬೇರೆಯಾಗಿ ಫೋನು ಮಾಡಿ ಅರ್ಧ ಕುಶಲ ಕೇಳಿ ಮುಗಿಸಿದ್ದರು. ಪಾಠ ಶುರುವಾಯಿತು. ಉಣ್ಣೆ ತುಂಬಿದ ದಿಂಬನ್ನು ಹೊಟ್ಟೆಯೆಂದುಕೊಂಡು ಅಕ್‌ಬುಲಾಕ್‌ನ ಅಜ್ಜಿ ತೋರಿಸಿದರು, ಹುಡುಗಿಯರು ಮಾಡಿದರು, ತಾಶ್‌ಬಶಾತ್‌ನವರು ತಪ್ಪು ಹಿಡಿದರು. ಸಪಾರೋವ್ನಾ ಬರೆದುಕೊಳ್ಳುತ್ತಿದ್ದರು. ಎಜೆಯ ಬೆನ್ನು ಸ್ವಲ್ಪ ಸಡಿಲವಾದುದು ನನಗೆ ಹಿಂದಿನಿಂದ ಕಾಣಿಸಿತು.

ಆಗ ಸಪಾರೋವ್ನಾ ಪುಟ ತಿರುಗಿಸಿದರು.

“ಜನವರಿಯಲ್ಲಿ ಸಾವಾದದ್ದು ಕೋಕ್‌ಜಾರ್‌ನಲ್ಲಲ್ವಾ? ಅವರದನ್ನ ನೋಡ್ಬೇಕು ನಾನು.”

ಎಜೆ ಕೆಮ್ಮಿದರು. “ಕಲೀಪಾ ಅಪಾ, ದಯವಿಟ್ಟು ನೀವು ತೋರಿಸಿ.”

ಚುಕ್ಕೆ ಅಲುಗಾಡಿತು. ಬಾಗಿಲ ಬಳಿ ಮೈಕಿನ ಹತ್ತಿರ ಕೂತಿದ್ದ ಚೋಲ್ಪೋನ್ ಚಹಾದ ಬಟ್ಟಲು ಹಿಡಿದುಕೊಂಡು ತಲೆ ತಗ್ಗಿಸಿದ್ದಳು. ಒಂದು ನಿಮಿಷವಾಯಿತು. ಎರಡಾಯಿತು. ಅಕ್‌ಬುಲಾಕ್‌ನವರು ಅಭ್ಯಾಸಬಲದಿಂದ ತಲೆಯಾಡಿಸಿದರು.

“ನನಗೇನೂ ಕೇಳಿಸ್ತಿಲ್ಲ,” ಎಂದರು ಸಪಾರೋವ್ನಾ. “ನಿಮಗೆ?”

ಕೇಳಿಸುತ್ತಿದೆ ಎಂದರೆ ಸುಳ್ಳು, ಇಲ್ಲವೆಂದರೆ ಅಪಾಗೆ ಅವಮಾನ.

“ಬಾತ್ಮಾ, ನೇರವಾಗಿ ಹೇಳ್ತೀನಿ. ಯಾವ ಊರಿಗೋಸ್ಕರ ಇಷ್ಟೆಲ್ಲ ಮಾಡಿದಿರೋ ಆ ಊರೇ ಕೇಳಿಸದಿದ್ರೆ ನಾನೇನಂತ ಬರೀಲಿ?”

ಎಜೆಯ ಕಿವಿ ಕೆಂಪಾಯಿತು. ಅವರು ರುಮಾಲಿನ ಗಂಟು ಬಿಗಿಮಾಡಿಕೊಂಡರು. ಅಪಾಗೆ ಹೇಳುವುದು ಅವರಿಂದ ಆಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಚೋಲ್ಪೋನ್‌ಳಿಂದಲೂ ಆಗುವುದಿಲ್ಲ. ಕಲೀಪಾ ಅಪಾಗೆ ನೆಂಟಳೂ ಅಲ್ಲದ, ಸೊಸೆಯೂ ಅಲ್ಲದ, ಅವರು ಹೆರಿಗೆ ಮಾಡಿಸದೆ ಹುಟ್ಟಿದವಳು ನಮ್ಮ ಕೋಣೆಯಲ್ಲಿ ನಾನೊಬ್ಬಳೇ. ಸಪಾರೋವ್ನಾರ ಪೆನ್ನು ಕಾಗದ ಮುಟ್ಟುವುದನ್ನು ನೋಡಿದೆ.

“ಅಪಾ, ನಿಮ್ಮ ಕೈ ಕಾಣ್ತಿಲ್ಲ,” ಎಂದೆ.

ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಮೈಕಿಗೆ ಕೇಳಿಸಿತು. ಚುಕ್ಕೆ ಅಲುಗುವುದನ್ನು ನಿಲ್ಲಿಸಿತು. ಚೋಲ್ಪೋನ್ ಹಿಂದೆ ತಿರುಗಿ ಕೇಳಿಸಿಕೊಂಡು ನಮ್ಮ ಕಡೆ ತಿರುಗಿದಳು.

“ಯಾರು ಮಾತಾಡಿದ್ದು ಅಂತ ಕೇಳ್ತಿದಾರೆ.”

“ನಾನು ಜಿಪಾರ್. ನೆಲ ಒರೆಸೋಳು.”

ಮತ್ತೆ ಹಿಂದೆ ತಿರುಗಿದಳು. “ಕೈ ಯಾಕೆ ಕಾಣಬೇಕು, ಹೇಳೋದು ಕೇಳಿಸ್ತಿದೆಯಲ್ಲ, ಅಂತಾರೆ.”

“ಹೇಳೋದೂ ಕೇಳಿಸ್ತಿಲ್ಲ ಅಪಾ. ಒಂದು ತಿಂಗಳಿಂದ ನಿಮ್ಮ ಒಂದು ಮಾತೂ ಕೇಳಿಸಿಲ್ಲ. ನಾವು ಸುಮ್ನೆ ತಲೆ ಆಡಿಸ್ತಿದ್ವಿ.”

ಬಾತ್ಮಾ ಎಜೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ನಾಲ್ಕೂ ಊರಿನಲ್ಲಿ ಯಾರೂ ಚಹಾ ಕುಡಿಯಲಿಲ್ಲ.

ಬಿಳಿ ಚುಕ್ಕೆ ಎದ್ದು ನಿಂತಿತು. ದೊಡ್ಡದಾಗುತ್ತಾ ಬಂತು. ಹೊರಗೆ ಹೋಗಿಬಿಡುತ್ತಾರೆ ಎಂದುಕೊಂಡೆ. ಬಾಗಿಲು ಅಲ್ಲೇ ಇತ್ತಲ್ಲ. ಚೋಲ್ಪೋನ್ ಕೂಡ ಹಾಗೇ ಎಂದುಕೊಂಡು ಅವರ ಚಪ್ಪಲಿಯನ್ನು ನೇರಮಾಡಿ ಇಟ್ಟಳು. ಅಪಾ ಆ ಚಪ್ಪಲಿಗಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ದಿಂಬನ್ನು ನೆಲಕ್ಕೆ ಹಾಕಿ, ಮೊಣಕಾಲೂರಿ ಕೂತರು. ಸುಕ್ಕುಗಟ್ಟಿದ ಮುಖ ಚೌಕವನ್ನು ತುಂಬಿತು.

“ಒಂದು ತಿಂಗಳು!” ಎಂದರು. “ಒಂದು ತಿಂಗಳಿಂದ ನಾನು ಗಂಟಲು ಹರ್ಕೊಂಡು ಹೇಳ್ತಿದೀನಿ, ನೀವು ದಡ್ಡ ಕುರಿಗಳ ಹಾಗೆ ತಲೆ ಆಡಿಸ್ತೀರಿ! ಬಾತ್ಮಾ!”

“ಅಪಾ,” ಎಂದರು ಎಜೆ, ಶಾಲೆಯ ಹುಡುಗಿಯ ಹಾಗೆ.

“ಡಾಕ್ಟರಾದೆಯಲ್ಲ, ಕೇಳಿಸ್ತಿಲ್ಲ ಅಂತ ಹೇಳೋಕೆ ಬಾಯಿರಲಿಲ್ವಾ?”

“ನಿಮ್ಮನ್ನ ಚಪ್ಪಲಿ ಹತ್ರ ಹೇಗೆ ಕೂರಿಸೋದು ಅಪಾ…”

“ಕುರಿದೊಡ್ಡಿಯಲ್ಲಿ, ಲಾರಿಯ ಹಿಂದೆ, ಹಿಮದಲ್ಲಿ ಮೊಣಕಾಲೂರಿ ಹೆರಿಗೆ ಮಾಡಿಸಿದೀನಿ. ಅಲ್ಲೆಲ್ಲ ನನಗೆ ತೋರ್ ಹಾಸಿಕೊಟ್ಟಿದ್ರಾ? ನಾನು ಇಲ್ಲಿ ಔತಣಕ್ಕೆ ಬಂದಿದೀನಾ?” ಆಮೇಲೆ ಕ್ಯಾಮೆರಾದ ಕಡೆ ಬೆರಳು ಚುಚ್ಚಿದರು. “ಆ ಕನ್ನಡಕದ ಹುಡುಗಿ ಯಾರು? ಬರ್ಕೊಳ್ಳೋದು ಬಿಟ್ಟು ನೋಡು.”

ಐವತ್ತು ದಾಟಿದ ದಾಮಿರಾ ಸಪಾರೋವ್ನಾ ಪೆನ್ನು ಕೆಳಗಿಟ್ಟರು.

“ಮೊದಲು ಉಚ್ಚೆ ಹೊಯ್ದಿದಾಳಾ ಕೇಳು. ಚೀಲ ತುಂಬಿದ್ರೆ ನೀನು ಎಷ್ಟು ತಿಕ್ಕಿದ್ರೂ ಗರ್ಭಕೋಶ ಬಿಗಿಯಾಗಲ್ಲ. ಆಮೇಲೆ ಕೈ ಇಲ್ಲಿ, ಹೊಕ್ಕುಳ ಹತ್ರ. ಹಿಟ್ಟು ನಾದೋ ಹಾಗಲ್ಲ ಕಣ್ರೇ, ನೀವು ಮೂರೂ ಊರಿನವರು ಹಿಟ್ಟು ನಾದ್ತಿದ್ರಿ, ನನಗೆ ನೋಡೋಕೇ ಆಗ್ತಿರಲಿಲ್ಲ. ಬಟ್ಟಲು ಹಿಡಿದ ಹಾಗೆ ಹಿಡಿ. ಸುತ್ತು. ಕೈ ಕೆಳಗೆ ಗಟ್ಟಿ ಚೆಂಡು ಸಿಗೋವರೆಗೂ ಬಿಡಬೇಡ. ಕೈ ನೋಯತ್ತೆ, ನೋಯಲಿ. ಚೋಲ್ಪೋನ್, ನೀನು ಮಾಡು.”

ಚೋಲ್ಪೋನ್ ಬಟ್ಟಲು ಕೆಳಗಿಟ್ಟು ಮಾಡಿದಳು. ಅಪಾ ಅವಳ ಕೈಯ ಮೇಲೆ ತಮ್ಮ ಕೈಯಿಟ್ಟು ಒತ್ತಿದರು. ತೆರೆಯ ತುಂಬ ಆ ನಾಲ್ಕು ಕೈಗಳು. ಅಕ್‌ಬುಲಾಕ್‌ನ ಅಜ್ಜಿ ಏನೋ ಆಕ್ಷೇಪ ತೆಗೆದರು, ಅಪಾ ಬಾಯಿ ಮುಚ್ಚಿಸಿದರು. ಒಂದು ಗಂಟೆಯ ಪಾಠ ಎರಡು ಗಂಟೆಯ ಹತ್ತಿರಕ್ಕೆ ಹೋಯಿತು. ಸಪಾರೋವ್ನಾ ಮುಗಿಸಲು ಎರಡು ಸಲ ಪ್ರಯತ್ನಪಟ್ಟರು, ಅಪಾ ಬಿಡಲಿಲ್ಲ. ತಿಂಗಳಿನ ಪಾಠವನ್ನೆಲ್ಲ ಮೊದಲಿನಿಂದ ಹೇಳಿದರು.

ಕೊನೆಗೆ ಸಪಾರೋವ್ನಾ ಹೇಳಿದ್ದು ಇಷ್ಟೇ: “ವಸಂತದವರೆಗೆ ಇರ್ಲಿ. ಏಪ್ರಿಲ್‌ನಲ್ಲಿ ಮತ್ತೆ ನೋಡ್ತೀನಿ.” ಅವರ ಚೌಕ ಕಪ್ಪಾಯಿತು.

ಬಾತ್ಮಾ ಎಜೆ ಕುಣಿಯಲಿಲ್ಲ, ನನ್ನನ್ನು ತಬ್ಬಿಕೊಳ್ಳಲೂ ಇಲ್ಲ. ಕುರ್ಚಿಗೆ ಒರಗಿ ಹಸಿರು ರುಮಾಲು ಬಿಚ್ಚಿ ಅದರಿಂದಲೇ ಕತ್ತು ಒರೆಸಿಕೊಂಡರು.

“ಕೇಳಿಸ್ತಿಲ್ಲ ಅಂತ ಒಂದು ಮಾತು. ಅಷ್ಟೇ ಹೇಳಿದ್ರೆ ಮುಗೀತಿತ್ತು. ಅದು ಬಿಟ್ಟು ಮೂರು ಊರಿನ ಬಾಗಿಲಿಗೆ ಬೀಗ ಜಡಿದ್ವಿ.” ನನ್ನ ಕಡೆ ನೋಡಿದರು. “ನಿನಗೂ ಸೋಮವಾರವೇ ಗೊತ್ತಿತ್ತು, ಅಲ್ವಾ?”

“ಮಂಗಳವಾರ, ಎಜೆ.”

“ಹೋಗು. ಮೂರು ಊರಿಗೂ ಫೋನ್ ಮಾಡಿ ಬಾಗಿಲು ತೆಗೀರಿ ಅಂತ ಹೇಳು. ಹಿರಿಯರು ಎಲ್ಲಿ ಕೂರಬೇಕು ಅಂತ ಈ ಸಲ ನಾನೇ ಹೇಳ್ತೀನಿ. ಬೈದ್ರೆ ಬೈಸ್ಕೋತೀನಿ.”

ಫೋನು ಮಾಡಿದೆ. ಈ ಸಲ ಚೀಟಿ ಬರೆದುಕೊಳ್ಳಲಿಲ್ಲ. ತಾಶ್‌ಬಶಾತ್‌ನವರು ಸರಿ ಎಂದರು. ಉಚ್‌ಕೈಂದಿಯವಳು ಕರುವಿನ ಸಲುವಾಗಿ ನನಗೆ ಇನ್ನೊಮ್ಮೆ ಬೈದು ಸರಿ ಎಂದಳು. ಅಕ್‌ಬುಲಾಕ್‌ನವಳು ನಿಟ್ಟುಸಿರು ಬಿಟ್ಟಳು.

“ಆಗಲ್ಲ ಜಿಪಾರ್. ನಮ್ಮ ಅಜ್ಜಿ ಬೀಗದ ಕೈ ಕೊಡಲ್ಲ ಅಂತಾರೆ.”

“ಯಾಕಂತೆ?”

“ಅಲ್ಲಿ ಕೂತ್ರೆ ತೆರೆಯಲ್ಲಿ ತಮ್ಮ ಮುಖ ದೊಡ್ಡದಾಗಿ ಕಾಣತ್ತಂತೆ. ಇನ್ಮೇಲೆ ಅದೇ ತೋರ್ ಅಂತೆ. ನಾವು ಏಪ್ರಿಲ್‌ವರೆಗೂ ಕಲ್ಲಿದ್ದಲು ತುಳ್ಕೊಂಡು ಬರ್ಬೇಕು. ಕೋಣೆ ನೋಡ್ಬೇಕು ನೀನು, ಇದ್ದ ಬಿಳಿ ಹಾಸೆಲ್ಲ ಕಪ್ಪಾಗಿದೆ. ಇದೆಲ್ಲ ಯಾರ ತಲೆಗೆ ಬಂದದ್ದೋ, ಅವರು ಬಂದು ಒರೆಸಿ ಕೊಡ್ಲಿ.”

ಅದು ಯಾರ ತಲೆಗೆ ಬಂದದ್ದೆಂದು ನಾನು ಹೇಳಲಿಲ್ಲ. ಎಜೆಗೆ ಹೇಳುತ್ತೇನೆ ಎಂದು ಫೋನಿಟ್ಟೆ.